ಗುಂಡ ಯಾರು?

ಗ್ರಾಹಕರ ದೂರು ಚಿಕ್ಕದೇ. ಪಟ್ಟಿಯಲ್ಲಿ ಒಂದು ಬಿಲ್ ಅಳಿಸಿದರೆ ಬಿಲ್ ಹೋಗುತ್ತದೆ, ಮೇಲಿರುವ ಒಟ್ಟು ಮೊತ್ತ ಮಾತ್ರ ಜಪ್ಪಯ್ಯ ಅಂದರೂ ಇಳಿಯುವುದಿಲ್ಲ. "ಅರ್ಧ ಗಂಟೆ ಕೆಲಸ" ಎಂದರು ನಮ್ಮ ಮ್ಯಾನೇಜರ್. ಮ್ಯಾನೇಜರುಗಳ ಅರ್ಧ ಗಂಟೆ ಗೊತ್ತಲ್ವಾ!

ಆ ಪುಟ ವೆಬ್ ಫಾರ್ಮ್ಸ್ ಕಾಲದ್ದು, ಅಂದರೆ ವೆಬ್ ಪುಟ ಕಟ್ಟುವ ಮೈಕ್ರೋಸಾಫ್ಟಿನ ಹಳೇ ಸಲಕರಣೆಯದ್ದು. 2002ರಲ್ಲಿ ಬಂದ ಅದನ್ನು ಡಾಟ್‌ನೆಟ್ ಕೋರ್ ಎಂಬ ಹೊಸ ವ್ಯವಸ್ಥೆಗೆ ಹೋಗುವಾಗ ಮೈಕ್ರೋಸಾಫ್ಟೇ ಹಿಂದೆ ಬಿಟ್ಟಿತು. ನಾವು ಬಿಟ್ಟಿಲ್ಲ.

ಬಿಲ್ಲುಗಳ ಪಟ್ಟಿ ತೋರಿಸುವುದು ಗ್ರಿಡ್‌ವ್ಯೂ. ಅದರ ಪ್ರತಿ ಸಾಲಿನಲ್ಲೂ ನಮ್ಮವರೇ ಬರೆದ ಒಂದು ಕಸ್ಟಮ್ ಕಂಟ್ರೋಲ್, ಅಂದರೆ ಪುಟದ ಒಂದು ಬಿಡಿಭಾಗ, ಅದರೊಳಗೊಂದು ಬಟನ್. ಬಟನ್ ಒತ್ತಿದರೆ ಆ ಸುದ್ದಿ, ಅಂದರೆ ಕಮಾಂಡ್ ಈವೆಂಟ್, ಒಳಗಿನಿಂದ ಮೇಲಕ್ಕೆ ಹೊರಡುತ್ತದೆ. ದಾರಿಯಲ್ಲಿ ಸಿಗುವ ಪ್ರತಿ ಕಂಟ್ರೋಲಿನ ಆನ್‌ಬಬಲ್‌ಈವೆಂಟ್ ಎಂಬ ಫಂಕ್ಷನ್ ಅದನ್ನು ನೋಡುತ್ತದೆ. ಫಾಲ್ಸ್ ಅಂದರೆ ಇನ್ನೂ ಮೇಲಕ್ಕೆ. ಟ್ರೂ ಅಂದರೆ ಅಲ್ಲಿಗೇ ಮುಗೀತು. ಮೊಮ್ಮಗ ಗಾಜು ಒಡೆದ ಸುದ್ದಿ ಅಜ್ಜಿ ಹತ್ತಿರ ನಿಂತುಬಿಟ್ಟ ಹಾಗೆ, ಅಪ್ಪನವರೆಗೆ ಹೋಗುವುದೇ ಇಲ್ಲ. ನಮ್ಮ ಕಂಟ್ರೋಲ್ ಪಕ್ಕಾ ಅಜ್ಜಿ. ಬಿಲ್ಲನ್ನು ತಾನೇ ಅಳಿಸಿ, ರಿಟರ್ನ್ ಟ್ರೂ ಎಂದು ಬಾಯಿ ಮುಚ್ಚಿಕೊಂಡಿತ್ತು. ಪುಟಕ್ಕೆ ಸುದ್ದಿಯೇ ಇಲ್ಲ, ಮೊತ್ತ ಹೇಗೆ ಇಳಿದೀತು? ಆ ಸಾಲಿನ ಮೇಲೊಂದು ಕಾಮೆಂಟ್ ಬೇರೆ: "ಸದ್ಯಕ್ಕೆ ಇರಲಿ, ಆಮೇಲೆ ತೆಗೀಬೇಕು." ಬರೆದ ಪುಣ್ಯಾತ್ಮ ಕೆಲಸ ಬಿಟ್ಟು ಕೆನಡಾ ಸೇರಿ ಯಾವ ಕಾಲವಾಯಿತೋ.

ಪಕ್ಕದ ಸೀಟಿನ ಗೆಳೆಯ ಟ್ರೂ ತೆಗೆದು ಫಾಲ್ಸ್ ಹಾಕಿದ. ಈವೆಂಟ್ ಗ್ರಿಡ್‌ವ್ಯೂ ಮುಟ್ಟಿತು, ಪುಟಕ್ಕೆ ಸುದ್ದಿ ಮುಟ್ಟಿಸುವ ರೋ ಕಮಾಂಡ್ ಓಡಿತು, ಹಿಂದೆಯೇ ಹಳದಿ ಎರರ್ ಪುಟ. ಸಾಲು ಅಳಿಸುತ್ತಿದ್ದೇನೆ ಅನ್ನುವ ರೋ ಡಿಲೀಟಿಂಗ್ ಈವೆಂಟ್ ಎಬ್ಬಿಸಿದೆ, ಹ್ಯಾಂಡಲ್ ಮಾಡುವವರೇ ಇಲ್ಲ ಅಂತ ಗ್ರಿಡ್‌ವ್ಯೂ ಗಲಾಟೆ. ಅಷ್ಟರಲ್ಲಿ ಬಿಲ್ ಅಳಿಸಿ ಆಗಿದೆ! ಬಟನ್ನಿನ ಕಮಾಂಡ್‌ನೇಮ್, ಅಂದರೆ ಸುದ್ದಿಯ ಜೊತೆ ಹೋಗುವ ಹೆಸರು, ಡಿಲೀಟ್ ಅಂತ ಇದ್ದದ್ದೇ ತಂಟೆ. ಎಡಿಟ್, ಅಪ್‌ಡೇಟ್, ಕ್ಯಾನ್ಸಲ್ ತರಹ ಆ ಹೆಸರನ್ನೂ ಗ್ರಿಡ್‌ವ್ಯೂ ತನ್ನದೇ ಅಂದುಕೊಳ್ಳುತ್ತದೆ. ಗೆಳೆಯ ಆ ಇಂಗ್ಲಿಷ್ ಪದವನ್ನು ಪೂರ್ತಿ ಸಣ್ಣಕ್ಷರದಲ್ಲಿ ಬರೆದು ನೋಡಿದ. ಅದು ಮೋಸ ಹೋಗಲಿಲ್ಲ. ಕೆನಡಾದವನು ಟ್ರೂ ಯಾಕೆ ಹಾಕಿದ್ದ ಅಂತ ಆಗ ಗೊತ್ತಾಯಿತು.

ರೋ ಡಿಲೀಟಿಂಗ್ ಹ್ಯಾಂಡಲ್ ಮಾಡಲು ಒಂದು ಖಾಲಿ ಹ್ಯಾಂಡ್ಲರ್ ಬರೆದರೂ ಆಗುತ್ತಿತ್ತು. "ಬೇರೆ ಹೆಸರಿಟ್ರೆ ಸಾಕು ಮಗಾ" ಅಂತ ಗೆಳೆಯ ತನ್ನ ಮನೆಯ ನಾಯಿಯ ಹೆಸರಿಟ್ಟ. ಗುಂಡ. ಗ್ರಿಡ್‌ವ್ಯೂಗೆ ಗುಂಡನ ಪರಿಚಯವಿಲ್ಲ, ರೋ ಕಮಾಂಡ್ ಮುಗಿಸಿ ಸುಮ್ನಾಯಿತು. ಮೊತ್ತ ಇಳಿಯಿತು. ನಾವು ಟೀ ಕುಡಿಯೋಕೆ ಇಳಿದೆವು.

ಕಮಾಂಡ್‌ನೇಮ್ ಲಾಗ್‌ನಲ್ಲೂ ದಾಖಲಾಗುತ್ತದೆ ಅನ್ನೋದು ಯಾರಿಗೂ ನೆನಪಿರಲಿಲ್ಲ. ತಿಂಗಳ ಕೊನೆಗೆ ಗ್ರಾಹಕರ ಆಡಿಟರ್ ಮೇಲ್ ಕಳಿಸಿದರು. "ಇಷ್ಟೊಂದು ಬಿಲ್ ಅಳಿಸುತ್ತಿರುವ ಗುಂಡ ಯಾರು? ನೌಕರರ ಪಟ್ಟಿಯಲ್ಲಿ ಈ ಹೆಸರಿಲ್ಲ. ಕೂಡಲೇ ಇವರ ಲಾಗಿನ್ ರದ್ದು ಮಾಡಿ."

ಮ್ಯಾನೇಜರ್ ಎರಡು ಸಲ ಓದಿ, ನಮ್ಮ ಕಡೆ ತಿರುಗಿದರು.

"ಗುಂಡ ಇವತ್ತು ಆಫೀಸಿಗೆ ಬಂದಿದ್ದಾರಾ?"