ಮೀನಿನದೇ ತಪ್ಪು

ಮೊನ್ನೆ ಬೆಳಗ್ಗೆ ವಾಕಿಂಗ್‌ಗೆ ಹೋದರೆ ನಮ್ಮ ಏರಿಯಾದ ಕೆರೆಯ ಮೇಲೆ ಬೆಳ್ಳಗೆ ಏನೋ ಹಾಸಿದ ಹಾಗಿತ್ತು. ನೊರೆ ಇರಬೇಕು ಅಂದುಕೊಂಡೆ. ಬೆಂಗಳೂರಿನವರಿಗೆ ನೊರೆ ಏನು ಹೊಸದಾ? ಹತ್ತಿರ ಹೋದರೆ ಮೀನು. ರೋಹು, ಕಾಟ್ಲಾ, ಎಲ್ಲವೂ ಹೊಟ್ಟೆ ಮೇಲೆ ಮಾಡಿ, ಬಾಯಿ ಕಳೆದು ತೇಲುತ್ತಿದ್ದವು. ದಡದಲ್ಲಿ ಮೂಗಿಗೆ ಕರ್ಚೀಫು ಒತ್ತಿಕೊಂಡು ಒಬ್ಬ ಸಾಹೇಬರು ನಿಂತಿದ್ದರು.

"ಯಾಕೆ ಸತ್ತವು ಸಾರ್?"

"ಆಮ್ಲಜನಕದ ಕೊರತೆ."

"ಕೊರತೆ ಯಾಕಾಯ್ತು?"

"ಮೀನು ಜಾಸ್ತಿ ಆಗಿದ್ವು."

ಅಂದರೆ ಉಸಿರಾಡಿದ್ದೇ ತಪ್ಪು. ಅವರ ಬೆನ್ನ ಹಿಂದೆಯೇ ರಾಜಕಾಲುವೆ ಕಪ್ಪಗೆ ಕೆರೆಗೆ ಸುರಿಯುತ್ತಿತ್ತು. ಪಾಪ, ಬೆನ್ನಿಗೆ ಕಣ್ಣಿಲ್ಲವಲ್ಲ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ತೇಲಿದಾಗಲೂ ಇದೇ ಆಮ್ಲಜನಕದ ಹೆಸರು ಬಂದಿತ್ತು. ಮಾತು ಸುಳ್ಳಲ್ಲ. ನೇಣು ಬಿಗಿದು ಸತ್ತವನಿಗೆ ಉಸಿರಿನ ಕೊರತೆ ಅಂತ ಬರೆದರೆ ಅದೂ ಸುಳ್ಳಲ್ಲ.

ಮೀನಿನ ಕಷ್ಟ ನೋಡಿ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿ ಆಮ್ಲಜನಕ ಇರುತ್ತದೆ. ನಮ್ಮ ಬಿಸಿಲಿಗೆ ಒಂದು ಲೀಟರ್ ಒಳ್ಳೆ ನೀರಿನಲ್ಲಿ ಇರುವುದು 5–6 ಮಿಲಿ. ಅಷ್ಟರಲ್ಲೇ ಸಂಸಾರ ತೂಗಿಸಲು ಅದಕ್ಕೆ ಕಿವಿರು ಇದೆ. ಮಾರ್ಕೆಟ್ಟಿನಲ್ಲಿ ಮುಚ್ಚಳ ಎತ್ತಿ ಕೆಂಪಗಿದೆಯಾ ಅಂತ ನೋಡುತ್ತೇವಲ್ಲ, ಅದೇ. ಚರಂಡಿ ನೀರು ಬಂದರೆ ಆ ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳು 5–6 ಮಿಲಿಯನ್ನೂ ಮುಗಿಸುತ್ತವೆ. ರಾತ್ರಿ ಪಾಚಿಯೂ ಪಂಕ್ತಿಗೆ ಕೂರುತ್ತದೆ. ಬೆಳಗಿನ ಜಾವಕ್ಕೆ ಪಾತ್ರೆ ಖಾಲಿ.

ಇಲ್ಲಿ ಇನ್ನೊಂದು ತಮಾಷೆ ಇದೆ. ಕಾಟ್ಲಾ ಕೊಯ್ಯುವಾಗ ಹೊಟ್ಟೆಯೊಳಗಿಂದ ಬಿಳಿ ಬಲೂನಿನಂಥದ್ದು ಪುಳಕ್ಕಂತ ಹೊರಬರುತ್ತದೆ. ಮಕ್ಕಳು ಅದನ್ನು ಟಪ್ ಅಂತ ಒಡೆಯುತ್ತಾರೆ. ಅದು ಈಜುಚೀಲ, ತೇಲೋದಕ್ಕೆ. ಅದೇ ಮುಂದೆ ಶ್ವಾಸಕೋಶ ಆಯಿತು ಅಂತ ಡಾರ್ವಿನ್ ನಂಬಿದ್ದ. ನಡೆದದ್ದು ಉಲ್ಟಾ. 40 ಕೋಟಿ ವರ್ಷಕ್ಕೂ ಹಿಂದೆ ಮೂಳೆಮೀನುಗಳ ಪೂರ್ವಜರಿಗೆ ಕಿವಿರಿನ ಜೊತೆ ಶ್ವಾಸಕೋಶವೂ ಇತ್ತು. ಒಂದು ಕವಲು ಅದನ್ನು ಹೊತ್ತು ದಡ ಹತ್ತಿತು, ನಾವಾದೆವು. ಕಾಟ್ಲಾದ ಹಿರಿಯರು ನೀರನ್ನೇ ನಂಬಿ ಉಳಿದರು, ಶ್ವಾಸಕೋಶವನ್ನು ಬಲೂನು ಮಾಡಿಕೊಂಡರು. ಮುಂದೊಂದು ದಿನ ಬೆಂಗಳೂರು ಅಂತ ಒಂದು ಊರು ಆಗುತ್ತದೆ ಅಂತ ಅವಕ್ಕೆ ಹೇಳೋರು ಯಾರಿದ್ದರು?

ಕಪ್ಪೆ ಜಾಣ. ಗಂಟಲು ಪುಟಪುಟ ಬಡಿದು ಗಾಳಿಯನ್ನು ನುಂಗುತ್ತದೆ, ಸಾಲದಿದ್ದರೆ ಚರ್ಮದಿಂದಲೇ ಎಳೆಯುತ್ತದೆ. ಹಕ್ಕಿಯದು ಇನ್ನೂ ಮೇಲು. ಗಾಳಿಚೀಲಗಳ ಸಹಾಯದಿಂದ ಅದರ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತದೆ. ಉಸಿರು ಬಿಡುವಾಗಲೂ ತಾಜಾ ಗಾಳಿ ಸಿಗುತ್ತದೆ. ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ನಮ್ಮ ಗದಗದ ಮಾಗಡಿ ಕೆರೆಗೆ ಬರುವುದು ಈ ಒನ್‌ವೇ ಬಲದಿಂದಲೂ ಹೌದು. ನಮ್ಮೂರಲ್ಲೂ ರಸ್ತೆಗಳನ್ನೆಲ್ಲ ಒನ್‌ವೇ ಮಾಡಿದ್ದಾರೆ. ಕೊಕ್ಕರೆಯೂ ದಾಟಲಾರದು.

ಇದನ್ನೆಲ್ಲ ಮಕ್ಕಳಿಗೆ ಹೇಳೋಣ ಅಂದರೆ ಎನ್‌ಸಿಇಆರ್‌ಟಿ 10ನೇ ತರಗತಿ ಪುಸ್ತಕದಿಂದ ವಿಕಾಸದ ಭಾಗವನ್ನೇ ತೆಗೆದುಹಾಕಿತು. ಮಕ್ಕಳಿಗೆ ಹೊರೆ ಆಗುತ್ತಂತೆ. 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಮೇಷ್ಟ್ರುಗಳು ತೆಗೀಬೇಡಿ ಅಂತ ಪತ್ರ ಬರೆದರು. ಪಾಠ ಮಕ್ಕಳಿಗೆ ಬೇಡ, ಮೀನಿಗೆ ಮಾತ್ರ ಕಡ್ಡಾಯ. ಅದೂ ಒಂದೇ ರಾತ್ರಿಯಲ್ಲಿ ಕಲಿಯಬೇಕು.

ಒಂದು ಮೀನು ಮಾತ್ರ ಮೊದಲೇ ಕಲಿತುಕೊಂಡು ಬಂದಿದೆ. ಆಫ್ರಿಕನ್ ಕ್ಯಾಟ್‌ಫಿಶ್. ಕಿವಿರಿನ ಮೇಲೆ ಹೂಕೋಸಿನಂಥ ಇನ್ನೊಂದು ಅಂಗ ಇಟ್ಟುಕೊಂಡಿದೆ. ನೀರು ಕೆಟ್ಟರೆ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಹೋಗುತ್ತದೆ. ಬೇರೆ ಮೀನುಗಳನ್ನೂ ನುಂಗುತ್ತದೆ. ಕೇಂದ್ರ ಸರ್ಕಾರ ಇದರ ಸಾಕಣೆಯನ್ನು 2000ದಲ್ಲೇ ನಿಷೇಧಿಸಿದೆ. ಆ ಆದೇಶ ಇನ್ನೂ ಅದಕ್ಕೆ ತಲುಪಿದಂತಿಲ್ಲ.

ವಾರದೊಳಗೆ ಕೆರೆಗೆ ಕಾರಂಜಿ ಬಂತು. ನೀರಿಗೆ ಆಮ್ಲಜನಕ ಬೆರೆಸೋದಕ್ಕಂತೆ. ಶಾಮಿಯಾನ, ಹಾರ, ಬೋಂಡ, ಯಾವುದಕ್ಕೂ ಕೊರತೆ ಇರಲಿಲ್ಲ. ಬೆಳಗ್ಗೆ ಹತ್ತಕ್ಕೆ ಆನ್, ಸಂಜೆ ಐದಕ್ಕೆ ಆಫ್.

"ಸಾರ್, ಮೀನು ಸಾಯೋದು ಬೆಳಗಿನ ಜಾವ..."

"ಆಗ ಆಪರೇಟರ್ ಡ್ಯೂಟಿ ಇರಲ್ಲ."

ಅಷ್ಟರಲ್ಲಿ ಕಾರಂಜಿ ಪಕ್ಕ ಒಂದು ಮೀಸೆಯ ಮೂತಿ ಮೇಲೆ ಬಂತು. ಗುಳಕ್. ಗಾಳಿ ಕುಡಿದು ಮುಳುಗಿತು. ಸಾಹೇಬರ ಮುಖ ಅರಳಿತು. ಕರ್ಚೀಫು ತೆಗೆದೇ ಕೂಗಿದರು: "ನೋಡ್ರೀ, ಕೆರೆಗೆ ಜೀವ ಬಂತು! ಫೋಟೋ ತೆಗೀರಿ, ಫೋಟೋ!"