ಗೋಡೆಯೊಳಗಿನ ಸುತ್ತಿಗೆ

ಪೈಪಿನಲ್ಲಿ ಢಬ್ ಅಂದರೆ ಸಾಕು, ‘ಗಾಳಿ ಸೇರಿದೆ’ ಅಂದುಬಿಡುತ್ತಾರೆ. ಅಲ್ಲ ಮಾರಾಯ್ರೆ, ಸದ್ದು ಯಾವಾಗ ಬರುತ್ತೆ ಅಂತ ಮೊದಲು ಕಿವಿಗೊಟ್ಟು ಕೇಳಿ! ನಲ್ಲಿ ಮುಚ್ಚಿದ ಕ್ಷಣಕ್ಕೇ ಏಟು ಬಿದ್ದರೆ ಅದು ವಾಟರ್ ಹ್ಯಾಮರ್: ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹರಿಯುವ ನೀರು ಥಟ್ಟನೆ ನಿಂತರೆ ಲೋಹದ ಪೈಪಿನಲ್ಲಿ ಒತ್ತಡ 10 ಬಾರ್‌ಗೂ ಹೆಚ್ಚು ಜಿಗಿಯಬಹುದು (1 ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಕರೆಂಟಿನಿಂದ ಥಟ್ಟನೆ ಮುಚ್ಚಿಕೊಳ್ಳುವ ವಾಷಿಂಗ್ ಮಷೀನಿನ ಸೊಲೆನಾಯ್ಡ್ ವಾಲ್ವೇ ಇದರಲ್ಲಿ ಮಹಾ ಕಿಡಿಗೇಡಿ. ಈ ಏಟನ್ನು ಹೀರಿಕೊಳ್ಳುವ ಅರೆಸ್ಟರ್ ಕೂರಿಸುವುದಾದರೆ ಆ ವಾಲ್ವಿನ ಪಕ್ಕದಲ್ಲೇ ಕೂರಿಸಬೇಕು, ಎಲ್ಲೋ ಟ್ಯಾಂಕಿನ ಬುಡದಲ್ಲಲ್ಲ. ಸಡಿಲ ಕ್ಲಾಂಪು ಸದ್ದನ್ನು ಇನ್ನಷ್ಟು ದೊಡ್ಡದು ಮಾಡುತ್ತೆ. ನೀರು ಹರಿಯುತ್ತಿರುವಾಗಲೇ ಗಡಗಡ ಅಂದರೆ ನಲ್ಲಿಯ ವಾಷರ್ ನೋಡಿ. ಬಿಸಿನೀರು ಬಿಟ್ಟಾಗ ಮಾತ್ರ ಟಿಕ್ ಟಿಕ್ ಅಂದರೆ ಪೈಪು ಹಿಗ್ಗಿ ಕ್ಲಾಂಪಿಗೆ ಉಜ್ಜುತ್ತಿದೆ, ಅಷ್ಟೆ. ಇದ್ಯಾವುದನ್ನೂ ನೋಡದೆ ಗೋಡೆ ಒಡೆಯೋಕೆ ಉಳಿ ಹಿಡಿದು ನಿಲ್ಲೋದೇಕೆ?