‘ಸೆಲೆಕ್ಟೆಡ್ ಹಾಸ್ಪಿಟಲ್’ ಅನ್ನೋ ಆಸ್ಪತ್ರೆ ಯಾವ ಊರಲ್ಲಿದೆ?

ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡೂವರೆ ತನಕ ಎಂಎಸ್ಸಿ ನರ್ಸಿಂಗ್ ಮೊದಲ ವರ್ಷದ ಮಕ್ಕಳ ಸಿನಾಪ್ಸಿಸ್ (ಥೀಸಿಸ್‌ಗೆ ಏನು ಸ್ಟಡಿ ಮಾಡ್ತೀವಿ ಅನ್ನೋ ಯೋಜನೆ) ಪ್ರೆಸೆಂಟೇಶನ್ ಕೂತು ಕೇಳಿ ಬಂದಿದೀನಿ. ತಲೆ ಧಿಮ್ ಅಂತಿದೆ, ಡಬ್ಬಿ ಊಟ ಹಾಗೇ ವಾಪಸ್ ಬಂತು, ಮನೇಲಿ ಯಾರ ಹತ್ರ ಹೇಳಿದ್ರೂ ಅರ್ಥ ಆಗಲ್ಲ, ಅದಕ್ಕೇ ಇಲ್ಲಿ ಕಾರ್ಕೋತಿದೀನಿ.

ಹದಿನಾಲ್ಕು ಜನ. ಅದರಲ್ಲಿ ಹನ್ನೊಂದು ಟೈಟಲ್ ಶುರುವಾಗೋದು ಒಂದೇ ಥರ. “ಎ ಸ್ಟಡಿ ಟು ಅಸೆಸ್ ದಿ ಎಫೆಕ್ಟಿವ್‌ನೆಸ್ ಆಫ್ ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂ ಆನ್ ನಾಲೆಡ್ಜ್ ರಿಗಾರ್ಡಿಂಗ್” ಅಂತ, ಆಮೇಲೆ ಒಂದು ಖಾಲಿ ಜಾಗ, ಅಲ್ಲಿ ಡೆಂಗ್ಯೂ ಹಾಕ್ಕೊಳ್ಳಿ, ಅನೀಮಿಯಾ ಹಾಕ್ಕೊಳ್ಳಿ, ನಿಮ್ಮಿಷ್ಟ, ಕೊನೇಲಿ “ಇನ್ ಸೆಲೆಕ್ಟೆಡ್ ಹಾಸ್ಪಿಟಲ್ಸ್”, ಅಂದ್ರೆ ಆಯ್ದ ಆಸ್ಪತ್ರೆಗಳಲ್ಲಿ. ಪಾಠ ಮಾಡಿದ್ರೆ ಆ ವಿಷಯದ ತಿಳಿವಳಿಕೆ ಹೆಚ್ಚುತ್ತಾ ಅಂತ ನೋಡೋದು, ಅಷ್ಟೆ. ಈ ಸೆಲೆಕ್ಟೆಡ್ ಹಾಸ್ಪಿಟಲ್ ಯಾವ ಊರಲ್ಲಿದೆ, ಯಾವ ಬಸ್ ಹತ್ಬೇಕು ಅಂತ ಒಂದ್ಸಲ ಕೇಳೇಬಿಡೋಣ ಅನ್ಸಿತ್ತು. ಪಕ್ಕದಲ್ಲಿ ಹಿರಿಯ ಮೇಡಂ ಕೂತಿದ್ರು, ಬಾಯಿ ಮುಚ್ಕೊಂಡೆ.

ಒಂದು ಮಗೂನ ಕೇಳ್ದೆ, “ಸ್ಯಾಂಪಲ್ 60 ಅಂತ ಹಾಕಿದೀಯಲ್ಲ, ಈ ಅರವತ್ತು ಎಲ್ಲಿಂದ ಬಂತಮ್ಮ?” ಅಂತ. ಪಾಪ, ಸುಳ್ಳು ಹೇಳ್ಲಿಲ್ಲ. “ಎಲ್ಲಾರೂ 60ನೇ ಇಟ್ಟಿದಾರೆ ಮೇಡಂ” ಅಂದ್ಲು. ಪೈಲಟ್ ಸ್ಟಡಿಗೆ (ಮೊದಲು ಮಾಡಿ ನೋಡೋ ಚಿಕ್ಕ ಸ್ಟಡಿ) 6 ಯಾಕೆ ಅಂದ್ರೆ ಅರವತ್ತರಲ್ಲಿ ಹತ್ತು ಪರ್ಸೆಂಟ್. ಮುಗೀತು.

ಮಕ್ಕಳನ್ನ ಬೈಯ್ಯೋಕೆ ಇದು ಬರೀತಿಲ್ಲ. ನಾವು ಕಲಿಸ್ತಿರೋದೇ ಹಂಗೆ. ಮೊದ್ಲು ಟೈಟಲ್ ಹುಡುಕು ಅಂತೀವಿ. ಲೈಬ್ರರಿಗೆ ಹೋಗು, ಸೀನಿಯರ್ಸ್ ಥೀಸಿಸ್ ಬೈಂಡಿಂಗ್ ನೋಡು, ಯಾವ್ದಾದ್ರೂ ಒಂದು ಎತ್ಕೊಂಡು ಊರು ಬದಲಾಯಿಸು. ಕಾಲೇಜ್ ಎದುರಿನ ಡಿಟಿಪಿ ಅಂಗಡಿಯವನ ಕಂಪ್ಯೂಟರ್‌ನಲ್ಲಿ ಹತ್ತು ವರ್ಷದ ಸಿನಾಪ್ಸಿಸ್ ಇದಾವೆ. ಹೋದ ವರ್ಷ ನಾನು ಏನೋ ಪ್ರಿಂಟ್ ತೆಗೆಸೋಕೆ ಹೋದಾಗ ಅಲ್ಲಿದ್ದ ಹುಡುಗೀಗೆ ಹೇಳ್ತಿದ್ದ, “ಮೇಡಂ, 6.1 ನೀಡ್ ಫಾರ್ ಸ್ಟಡಿ ರೆಡಿ ಇದೆ, ಹಾಕ್ಲಾ, ನೀವು ಟೈಪ್ ಮಾಡ್ಸಿದ್ರೆ ಪೇಜಿಗೆ ಜಾಸ್ತಿ ಆಗುತ್ತೆ” ಅಂತ. 6.1 ಅಂದ್ರೆ ಈ ಸ್ಟಡಿ ಯಾಕೆ ಬೇಕು ಅಂತ ಬರೆಯೋ ಕಾಲಂ. ಸಿನಾಪ್ಸಿಸ್ ಫಾರಂನ ಕಾಲಂ ನಂಬರ್ ಅವನಿಗೆ ನಮ್ಮ ಅರ್ಧ ಫ್ಯಾಕಲ್ಟಿಗಿಂತ ಚೆನ್ನಾಗಿ ಗೊತ್ತು. ಅವನನ್ನೇ ಗೈಡ್ ಮಾಡ್ಕೋಬಹುದಿತ್ತು.

ನೀಡ್ ಅನ್ನೋದು ವಾರ್ಡಲ್ಲಿ ಇರುತ್ತೆ ಕಣ್ರೀ, ಪೆನ್‌ಡ್ರೈವಲ್ಲಿ ಅಲ್ಲ.

ನನ್ನ ಕಥೆ ನಿಮಗೆ ಗೊತ್ತಲ್ಲ, ಕಾಲೇಜಿಗೆ ಬರೋ ಮುಂಚೆ ಹನ್ನೊಂದು ವರ್ಷ ಮೆಡಿಕಲ್ ವಾರ್ಡಲ್ಲಿ ಸಿಸ್ಟರ್ ಅನ್ನಿಸ್ಕೊಂಡು ಓಡಾಡಿದವಳು ನಾನು. ಆ ವಾರ್ಡಲ್ಲಿ ಒಂದು ರಾತ್ರಿಗೆ ಹತ್ತು ರಿಸರ್ಚ್ ಪ್ರಶ್ನೆ ಬಿದ್ದಿರ್ತಿತ್ತು. ವೆನ್‌ಫ್ಲಾನ್ (ಡ್ರಿಪ್ ಕೊಡೋಕೆ ರಕ್ತನಾಳದಲ್ಲಿ ಬಿಡೋ ಚಿಕ್ಕ ಕೊಳವೆ, ಐವಿ ಕ್ಯಾನುಲಾ ಅನ್ನೋದೂ ಇದನ್ನೇ) ಹಾಕಿದ ಕೈ ಊದುತ್ತೆ, ಕೆಂಪಾಗುತ್ತೆ, ನಾವು ತೆಗೆದು ಗ್ಲಿಸರಿನ್ ಮ್ಯಾಗ್‌ಸಲ್ಫ್ ಪಟ್ಟಿ ಸುತ್ತಿ ಇನ್ನೊಂದು ಕೈಗೆ ಹಾಕ್ತೀವಿ. ಆ ಪಟ್ಟಿಯಿಂದ ನಿಜವಾಗ್ಲೂ ಊತ ಇಳಿಯುತ್ತಾ, ಇಲ್ಲಾ ಸೂಜಿ ತೆಗೆದಿದ್ದಕ್ಕೇ ಇಳಿಯುತ್ತಾ? ಹನ್ನೊಂದು ವರ್ಷ ಸುತ್ತಿದೀನಿ, ಒಂದಿನಾನೂ ಕೇಳ್ಕೊಂಡಿಲ್ಲ.

ಇದೇ ವಿಷಯಕ್ಕೆ ಬೇರೆ ದೇಶದಲ್ಲಿ ಏನು ಮಾಡಿದಾರೆ ನೋಡಿ. ಮೂರು ದಿನ ಆದ ತಕ್ಷಣ ಐವಿ ಕ್ಯಾನುಲಾ ಬದಲಾಯಿಸ್ಲೇಬೇಕು ಅಂತ ನಮಗೆಲ್ಲ ಮಂತ್ರದ ಥರ ಹೇಳ್ಕೊಟ್ಟಿದ್ರಲ್ಲ, ಚೆನ್ನಾಗಿ ನಡೀತಿರೋ ಲೈನ್ ಕಿತ್ತು ಮತ್ತೆ ಚುಚ್ಚೋದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕ್ಲೇರ್ ರಿಕಾರ್ಡ್ ಅನ್ನೋ ನರ್ಸಿಂಗ್ ಪ್ರೊಫೆಸರ್ ಮತ್ತೆ ಅವರ ಜೊತೆಯವರು “ಯಾಕೆ ಕೀಳ್ಬೇಕು?” ಅಂತ ಕೇಳಿದ್ರು. ಮೂರು ಆಸ್ಪತ್ರೆ, 3,283 ರೋಗಿಗಳು. ಒಂದು ಗುಂಪಿಗೆ ಮೂರನೇ ದಿನ ಬದಲಾವಣೆ, ಇನ್ನೊಂದು ಗುಂಪಿಗೆ ತೊಂದರೆ ಕಾಣಿಸಿಕೊಂಡ್ರೆ ಮಾತ್ರ. ಎರಡೂ ಕಡೆ ಫ್ಲೆಬೈಟಿಸ್ (ರಕ್ತನಾಳದ ಉರಿಯೂತ) 7 ಪರ್ಸೆಂಟೇ. 2012ರಲ್ಲಿ ಲ್ಯಾನ್ಸೆಟ್ ಅನ್ನೋ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ವೆನ್‌ಫ್ಲಾನ್ ನೋಡಿ ಹುಟ್ಟಿದ ಪ್ರಶ್ನೆ ಲ್ಯಾನ್ಸೆಟ್‌ಗೆ ಹೋಯ್ತು. ನಾವಿಲ್ಲಿ ಸ್ಟಾಫ್ ನರ್ಸ್‌ಗಳಿಗೆ ಫ್ಲೆಬೈಟಿಸ್ ಬಗ್ಗೆ ‘ನಾಲೆಡ್ಜ್’ ಇದೆಯಾ ಅಂತ ಮೂವತ್ತು ಮಲ್ಟಿಪಲ್ ಚಾಯ್ಸ್ ಪ್ರಶ್ನೆ ಕೊಡ್ತಿದೀವಿ.

ಆ ಪ್ರಶ್ನೆ ಕೊಡೋ ರೀತಿನೂ ಕೇಳಿ. ಮೊದಲನೇ ದಿನ ಪ್ರಿ-ಟೆಸ್ಟ್. ಅವತ್ತೇ ಚಾರ್ಟ್ ಹಿಡ್ಕೊಂಡು ಮುಕ್ಕಾಲು ಗಂಟೆ ಪಾಠ, ಆ ಪ್ರಶ್ನೆಗಳ ಉತ್ತರಾನೇ. ಏಳನೇ ದಿನ ಮತ್ತೆ ಅದೇ ಪ್ರಶ್ನೆ ಪತ್ರಿಕೆ. ಮಾರ್ಕ್ಸ್ ಜಾಸ್ತಿ ಬರದೆ ಇನ್ನೇನಾಗುತ್ತೆ? ಹೋಲಿಸೋಕೆ ಇನ್ನೊಂದು ಗುಂಪೂ ಇಲ್ಲ. ಆದ್ರೂ ಪೇಯರ್ಡ್ ಟಿ ಟೆಸ್ಟ್ (ಮುಂಚಿನ, ಆಮೇಲಿನ ಮಾರ್ಕ್ಸ್ ಹೋಲಿಸೋ ಲೆಕ್ಕ) ಹಾಕಿ ಹೈಲಿ ಸಿಗ್ನಿಫಿಕೆಂಟ್ ಅಂತ ಬರ್ಕೊಂಡು ಫೋಟೊ ತೆಗೆಸ್ಕೋತೀವಿ. ಆಮೇಲೆ ಕೈಸ್ಕ್ವೇರ್, ಎರಡು ವಿಷಯಕ್ಕೆ ಸಂಬಂಧ ಇದೆಯಾ ಅಂತ ನೋಡೋ ಲೆಕ್ಕ. ಜ್ಞಾನಕ್ಕೂ ಧರ್ಮಕ್ಕೂ ಸಂಬಂಧ ಇದೆಯಾ, ಕೂಡು ಕುಟುಂಬಕ್ಕೂ ಸಂಬಂಧ ಇದೆಯಾ, ಮೊಟ್ಟೆ ತಿನ್ನೋರಿಗೆ ಜಾಸ್ತಿ ಗೊತ್ತಾ. ಯಾಕೆ ನೋಡ್ತಿದೀರ ಅಂದ್ರೆ ಹಳೇ ಬೈಂಡಿಂಗಲ್ಲಿ ಇತ್ತು.

ರೋಗಿಗಳಿಗೆ ಕೊಡೋ ಟೂಲ್ (ಪ್ರಶ್ನಾವಳಿ) ಆದ್ರೆ ಕನ್ನಡಕ್ಕೆ ಮಾಡಿಸ್ಬೇಕು, ಅಲ್ಲಿ ಇನ್ನೊಂದು ರಾಮಾಯಣ. ಒಬ್ಬಳು ‘ವೇಯ್ನ್’ಗೆ (ರಕ್ತನಾಳ) ‘ಅಭಿಧಮನಿ’ ಅಂತ ಹಾಕಿಸ್ಕೊಂಡು ಬಂದು ವಾರ್ಡಲ್ಲಿ ಓದಿ ಹೇಳ್ತಿದ್ಲು, “ಅಜ್ಜಿ, ನಿಮ್ಮ ಅಭಿಧಮನಿಯ ಜಾಗದಲ್ಲಿ ಉರಿಯೂತದ ಲಕ್ಷಣಗಳು ಕಂಡುಬಂದಿವೆಯೇ?” ಅಜ್ಜಿ ಪಕ್ಕದ ಬೆಡ್ ನೋಡಿ “ಅದ್ಯಾರವ್ವ ಅಭಿದಮನಿ, ನೆನ್ನೆ ಮನೆಗೆ ಹೋದ್ಲಲ್ಲ ಅವಳಾ?” ಅಂದ್ರು. ಅಜ್ಜಿ ಕೈ ನೋಡಿದ್ರೆ ಕೆಂಪಗೆ ಊದ್ಕೊಂಡಿತ್ತು, ಆ ಹುಡುಗಿ ಪೆನ್ ಹಿಡ್ಕೊಂಡು ‘ಗೊತ್ತಿಲ್ಲ’ ಕಾಲಂಗೆ ಟಿಕ್ ಹಾಕ್ತಿದ್ಲು. ನಗು ಬಂತಾ? ನಂಗೂ ಬಂತು. ಮನೆಗೆ ಬಂದ ಮೇಲೆ ಬರ್ಲಿಲ್ಲ.

ಈಗ ನೀವು ಕಾಮೆಂಟಲ್ಲಿ ಬರೆಯೋದು ಗೊತ್ತು. “ಮೇಡಂ, ಇರೋದೇ ಎರಡು ವರ್ಷ, ಥಿಯರಿ, ಕ್ಲಿನಿಕಲ್ ಪೋಸ್ಟಿಂಗ್, ಬಿಎಸ್ಸಿ ಮಕ್ಕಳಿಗೆ ಪಾಠ, ಆಸ್ಪತ್ರೆಯವರು ಪರ್ಮಿಶನ್ ಕೊಡಲ್ಲ, ಎಥಿಕ್ಸ್ ಕಮಿಟಿ ಮೀಟಿಂಗ್ ಯಾವಾಗಂತ ಕಮಿಟಿಗೇ ಗೊತ್ತಿರಲ್ಲ, ಟೀಚಿಂಗ್ ಪ್ರೋಗ್ರಾಂ ಆದ್ರೆ ಸೇಫು.” ನಿಜ, ಎಲ್ಲಾ ನಿಜ. ಆದ್ರೆ ನಾನು ಕೇಳ್ತಿರೋದು ದೊಡ್ಡ ಸ್ಟಡಿ ಅಲ್ಲ, ಸ್ವಂತ ಪ್ರಶ್ನೆ. ದಿನಾ ಹೋಗಿ ಕೈ ನೋಡಿ ವಿಐಪಿ ಸ್ಕೋರ್ (ಕ್ಯಾನುಲಾ ಹಾಕಿದ ಜಾಗದ ಉರಿಯೂತ ಕಣ್ಣಲ್ಲಿ ನೋಡಿ ಅಳೆಯೋದು) ಬರೆಯೋಕೆ ಏನು ಬೇಕು? ಸೊನ್ನೆಯಿಂದ ಐದರವರೆಗೆ ಸ್ಕೋರು, ನೋವು, ಕೆಂಪು, ಊತ ಇವುಗಳಲ್ಲಿ ಎರಡು ಕಂಡ್ರೆ 2, ಕ್ಯಾನುಲಾ ತೆಗೀಬೇಕು ಅಂತ. ಬೇಕಾಗಿರೋದು ಒಂದು ಟಾರ್ಚು, ಒಂದು ಪೆನ್ನು, ಹೋಗೋ ಮನಸ್ಸು. ‘ಸೇಫ್’ ಅಂತೆ. ಯಾರಿಗೆ?

ಇಷ್ಟೆಲ್ಲ ಕೂಗಾಡಿದ್ಮೇಲೆ ನಿಜ ಹೇಳ್ಬೇಕಲ್ಲ.

ಆ ಹನ್ನೊಂದರಲ್ಲಿ ಒಂದು ನನ್ನ ಸ್ಟೂಡೆಂಟ್‌ದು. ಗೈಡ್ ಸಿಗ್ನೇಚರ್ ನಂದೇ.

ಈ ಹುಡುಗಿ ಎರಡು ತಿಂಗಳ ಹಿಂದೆ ಪೋಸ್ಟಿಂಗ್ ಮುಗಿಸ್ಕೊಂಡು ಬಂದು ಚೇರ್ ಪಕ್ಕ ನಿಂತು ಕೇಳಿದ್ಲು, “ಮೇಡಂ, ರಾತ್ರಿ ಕ್ಯಾಶುವಾಲ್ಟಿಲಿ ಹಾಕಿದ ವೆನ್‌ಫ್ಲಾನ್‌ಗಳೇ ಬೇಗ ಹಾಳಾಗ್ತಾವಲ್ಲ, ನಮ್ಮ ವಾರ್ಡಲ್ಲಿ ಹಗಲು ಹಾಕಿದ್ದು ಇರ್ತಾವೆ, ಯಾಕೆ?” ಎಂಥ ಪ್ರಶ್ನೆ! ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ 2011ರ ಗೈಡ್‌ಲೈನಲ್ಲೇ ಇದೆ, ಎಮರ್ಜೆನ್ಸಿಲಿ ಅಸೆಪ್ಸಿಸ್ (ರೋಗಾಣು ಸೇರದ ಹಾಗೆ ಶುದ್ಧತೆ) ಸರಿಯಾಗಿ ನೋಡ್ಕೊಳ್ಳೋಕೆ ಆಗದೆ ಹಾಕಿದ ಲೈನ್‌ನ 48 ಗಂಟೆ ಒಳಗೆ ಬದಲಾಯಿಸಿ ಅಂತ. ಆ ಮಗು ಅದನ್ನ ಓದಿರ್ಲಿಲ್ಲ, ಕಣ್ಣಲ್ಲಿ ನೋಡಿ ಕೇಳಿತ್ತು. ಅಲ್ಲಿಂದ ಪ್ಲಾನ್ ತಾನಾಗೇ ಹುಟ್ಟುತ್ತೆ. ರಾತ್ರಿ ಕ್ಯಾಶುವಾಲ್ಟಿಗೆ ಬರೋರು ಜಾಸ್ತಿ ಸೀರಿಯಸ್ ಇರ್ತಾರೆ, ದಪ್ಪ 18 ಗೇಜ್ ಹಾಕಿರ್ತಾರೆ, ಮೊಣಕೈ ಮಡಿಸೋ ಜಾಗದಲ್ಲಿ ಹಾಕಿರ್ತಾರೆ, ಪೊಟ್ಯಾಶಿಯಂ ಹೋಗ್ತಿರುತ್ತೆ, ಹಾಗಾದ್ರೆ ತಪ್ಪು ರಾತ್ರಿದಾ, ಸೂಜಿದಾ, ಔಷಧಿದಾ? ಇದನ್ನೆಲ್ಲ ಬರ್ಕೊಳ್ಳೋ ಹೊತ್ತಿಗೆ ಡೇಟಾ ಶೀಟ್ ರೆಡಿ. ಇಬ್ಬರು ಒಬ್ಬರಿಗೊಬ್ಬರು ಹೇಳ್ದೆ ಅದೇ ಕೈ ನೋಡಿ ಸ್ಕೋರ್ ಹಾಕಿದ್ರೆ ಟೂಲ್ ನಂಬಬಹುದಾ ಇಲ್ವಾ ಗೊತ್ತಾಗುತ್ತೆ. ಬರೀ ಎಷ್ಟು ಜನಕ್ಕೆ ಫ್ಲೆಬೈಟಿಸ್ ಆಗುತ್ತೆ ಅಂತ ನೋಡೋದಾದ್ರೂ, 20 ಪರ್ಸೆಂಟ್ ಅಂತ ಅಂದಾಜು ಇಟ್ಕೊಂಡು 5 ಪರ್ಸೆಂಟ್ ಆಚೀಚೆ ಒಪ್ಕೊಂಡ್ರೆ ಸ್ಯಾಂಪಲ್ 246 ಬರುತ್ತೆ, ರಾತ್ರಿ ಹಗಲು ಹೋಲಿಸೋಕೆ ಲೆಕ್ಕಾನೇ ಬೇರೆ. ಅರವತ್ತಂತೂ ಆಕಾಶದಿಂದ ಉದುರಲ್ಲ.

ನಾನು ಏನಂದೆ ಗೊತ್ತಾ ಅವಳಿಗೆ? ಅವತ್ತು ಇನ್‌ಸ್ಪೆಕ್ಷನ್ ಫೈಲ್ ರಾಶಿ ಮುಂದೆ ಕೂತಿದ್ದೆ. ತಲೆ ಎತ್ತದೆ, “ಕ್ಯಾಶುವಾಲ್ಟಿ ವಿಷಯ ಎಲ್ಲಾ ಬೇಡ ಮಗಾ, ಪರ್ಮಿಶನ್ ಕಷ್ಟ, ಅವರಿಗೂ ಬೇಜಾರಾಗುತ್ತೆ, ಪಾಸಾಗೋದು ಮುಖ್ಯ, ಸ್ಟಾಫ್ ನರ್ಸ್ ನಾಲೆಡ್ಜ್ ಮೇಲೆ ಮಾಡ್ಕೋ” ಅಂದೆ. ನಾನೇ. ಸೇಫ್ ಅಂದವಳು ನಾನೇ. ನನ್ನ ಎಂಎಸ್ಸಿ ಥೀಸಿಸ್ಸೂ ಅದೇ ಬಿಡಿ, ಕೈ ತೊಳೆಯೋದರ ಬಗ್ಗೆ ಟೀಚಿಂಗ್ ಪ್ರೋಗ್ರಾಂ, ಸ್ಯಾಂಪಲ್ 60, ಹೈಲಿ ಸಿಗ್ನಿಫಿಕೆಂಟ್. ಅದಾದ್ಮೇಲೆ ಆ ಅರವತ್ತು ಜನ ಕೈ ತೊಳೆದ್ರಾ ಅಂತ ಒಬ್ಬರದ್ದೂ ನೋಡಿಲ್ಲ.

ಪ್ರತಿ ಮೇ 12ಕ್ಕೆ, ನರ್ಸ್‌ಗಳ ದಿನ, ಬಿಳಿ ಸೀರೆ ಉಟ್ಟು ನೈಟಿಂಗೇಲ್ ಫೋಟೊ ಮುಂದೆ ದೀಪ ಹಿಡ್ಕೊಂಡು ನಿಲ್ತೀವಿ. ಆ ಯಮ್ಮ 1854ರಲ್ಲಿ ಕ್ರಿಮಿಯಾ ಯುದ್ಧದ ಹೊತ್ತಲ್ಲಿ ಟರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಹೋಗಿ ಬರೀ ದೀಪ ಹಿಡ್ಕೊಂಡು ಓಡಾಡ್ಲಿಲ್ಲ, ಎಷ್ಟು ಸೈನಿಕರು ಗಾಯದಿಂದ ಸತ್ರು, ಎಷ್ಟು ಜನ ಕಾಯಿಲೆಯಿಂದ ಸತ್ರು ಅಂತ ಲೆಕ್ಕ ಇಟ್ರು. ಯಾವ ಸೀನಿಯರ್ ಬೈಂಡಿಂಗೂ ಇರ್ಲಿಲ್ಲ ಪಾಪ ಅವರಿಗೆ.

ಇವತ್ತು ಅವಳು ಸ್ಟೇಜ್ ಮೇಲೆ ನಿಂತು ನಾನು ಕೊಟ್ಟ ಟೈಟಲ್ ಓದುವಾಗ ಒಂದ್ಸಲಾನೂ ನನ್ನ ಕಡೆ ನೋಡ್ಲಿಲ್ಲ. ಪ್ಯಾನೆಲ್‌ನವರು “ಗುಡ್ ಟಾಪಿಕ್, ಫೀಸಿಬಲ್” ಅಂದ್ರು.

ಸಂಜೆ ಏಳಕ್ಕೆ ತಡೀಲಾರದೆ ಫೋನ್ ಮಾಡ್ದೆ. ಈವ್ನಿಂಗ್ ಪೋಸ್ಟಿಂಗಲ್ಲಿ ಇದ್ಲು, ಹೆದರ್ಕೊಂಡೇ ಎತ್ತಿದ್ಲು. “ನಿಮ್ಮ ವಾರ್ಡಲ್ಲಿ ಈಗ ಎಷ್ಟು ಜನಕ್ಕೆ ಲೈನ್ ಇದೆ ನೋಡ್ಕೊಂಡು ಹೇಳ್ತೀಯಾ?” ಅಂದೆ. ಯಾಕೆ ಅಂತ ಕೇಳ್ಲಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ಅವಳೇ ಮಾಡಿದ್ಲು, ಏದುಸಿರು ಬಿಡ್ತಿದ್ಲು.

“ಮೇಡಂ, ಒಟ್ಟು 31. ಪ್ಲಾಸ್ಟರ್ ಮೇಲೆ ಡೇಟು, ಟೈಮು ಬರೆದಿರೋದು 9 ಮಾತ್ರ. ಉಳಿದಿದ್ದು ಯಾವಾಗ ಹಾಕಿದ್ದು ಅಂತ ಗೊತ್ತಾಗೋದು ಹೆಂಗೆ ಮೇಡಂ?”

ನೋಡಿ, ಇನ್ನೊಂದು ಪ್ರಶ್ನೆ. ನಾಳೆ ಒಂಬತ್ತಕ್ಕೆ ಬಾ, ಸಿನಾಪ್ಸಿಸ್ ತರಬೇಡ, ಆ 31ರ ಲಿಸ್ಟ್ ಮಾತ್ರ ತಗೊಂಡು ಬಾ ಅಂದಿದೀನಿ. ಟೈಟಲ್ ಬದಲಾಯಿಸೋಕೆ ಲೆಟರ್ ಯಾರಿಗೆ ಬರೀಬೇಕು ಅಂತ ಆಫೀಸಲ್ಲಿ ಕೇಳ್ಬೇಕು. ಬೈಸ್ಕೋಬೇಕಾಗುತ್ತೆ.